ಮಸ್ಕಿಯ ಬಂಡೆಯ ಒಂದು ಕ್ರಿಯಾಪದ: ಪ್ರಾಕೃತ ‘ದೆಕ್ಖ’ ಧಾತುವಿನ ಮೂಲ ಮತ್ತು ಅರ್ಥ

ರಾಯಚೂರು ಜಿಲ್ಲೆಯ ಮಸ್ಕಿಯು ವಿದ್ವಲ್ಲೋಕದಲ್ಲಿ ಪ್ರಸಿದ್ಧವಾದದ್ದು ಒಂದು ನಾಮಪದದ ದೆಸೆಯಿಂದ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸಿ ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರನು ಅಲ್ಲಿಯ ಬಂಡೆಯ ಮೇಲಿನ ಬ್ರಾಹ್ಮೀ ಬರಹವನ್ನು ಗುರುತಿಸಿದನು. ಅದೇ ವರ್ಷ ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ‘ದೇವಾನಂಪಿಯ’ ಎಂಬ ಬಿರುದಿನೊಡನೆ ‘ಅಸೋಕ’ ಎಂಬ ಅಂಕಿತನಾಮವೂ ಅದರಲ್ಲಿದ್ದುದರಿಂದ, ಬಂಡೆಗಳ ಮೇಲೆ ಮಾತನಾಡುವ ಆ ಅರಸನು ಯಾರೆಂಬ ಸಂದೇಹವು ಪರಿಹಾರವಾಯಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತದ್ದು ಅನಂತರದ ಮಾತು. ನಾಮಪದದ ಈ ಕಥೆಯನ್ನು ನಮ್ಮ ಶಾಲೆಗಳ ಇತಿಹಾಸ ಪಾಠಗಳೆಲ್ಲ ಹೇಳುತ್ತವೆ. ಅದೇ ಬಂಡೆಯ ಮೇಲಿರುವ ಒಂದು ಕ್ರಿಯಾಪದದ ಕಥೆಯನ್ನು ಹೇಳುವವರು ವಿರಳ. ಆ ಪದ ‘ದಖಿತವಿಯೇ’.

ಪದವು ಬರುವ ಸಂದರ್ಭ ಗಮನಾರ್ಹವಾದುದು. ಧರ್ಮದಲ್ಲಿ ತೊಡಗಿದವನು ಅಲ್ಪನಾದರೂ ಈ ಫಲವನ್ನು ಪಡೆಯಬಲ್ಲನು. ದೊಡ್ಡವನೊಬ್ಬನೇ ಇದನ್ನು ಪಡೆಯುತ್ತಾನೆಂದು ಭಾವಿಸತಕ್ಕದ್ದಲ್ಲ ಎಂಬುದು ಶಾಸನದ ತಾತ್ಪರ್ಯ. ‘ಭಾವಿಸತಕ್ಕದ್ದು’ ಎಂಬ ಸ್ಥಾನದಲ್ಲಿ ನಿಂತಿರುವ ಪದವೇ ‘ದಖಿತವಿಯೇ’. ಅಕ್ಷರಶಃ ಅರ್ಥ ‘ನೋಡತಕ್ಕದ್ದು, ಕಾಣತಕ್ಕದ್ದು’. ಸಂಸ್ಕೃತವನ್ನು ಬಲ್ಲವನು ಇಲ್ಲಿ ‘ದ್ರಷ್ಟವ್ಯಂ’ ಎಂಬುದನ್ನು ನಿರೀಕ್ಷಿಸುತ್ತಾನೆ. ಆ ‘ದ್ರಷ್ಟವ್ಯ’ಕ್ಕೆ ಪಾಲಿಯಲ್ಲಿ ‘ದಟ್ಠಬ್ಬ’ ಎಂಬ ತದ್ಭವವು ಸಿದ್ಧವಾಗಿಯೇ ಇದೆ. ಪ್ರಾಕೃತದಲ್ಲಿ ‘ದಟ್ಠವ್ವ’ ಎಂಬುದಿದೆ. ಹಾಗಿದ್ದೂ ಮಸ್ಕಿಯಲ್ಲಿ ಅದು ಬರಲಿಲ್ಲ. ‘ದಖ್’ ಎಂಬ ಬೇರೊಂದು ಅಂಗಕ್ಕೆ ‘ಇತವ್ಯ’ವು ಸೇರಿ ರೂಪವು ನಿಷ್ಪನ್ನವಾಗಿದೆ. ಈ ‘ದಖ್’ ಎಲ್ಲಿಂದ ಬಂದಿತು? ಇಂದು ಹಿಂದಿಯಲ್ಲಿ ‘ದೇಖನಾ’, ಬಂಗಾಳಿಯಲ್ಲಿ ‘ದೇಖಾ’ ಎಂದು ಕೋಟಿ ಕೋಟಿ ಜನರ ನಾಲಗೆಯ ಮೇಲಿರುವ ಧಾತುವಿಗೂ ಇದಕ್ಕೂ ಏನು ಸಂಬಂಧ? ಈ ಪ್ರಶ್ನೆಗಳನ್ನು ಕುರಿತು ನೂರು ವರ್ಷಕ್ಕೂ ಮೀರಿ ಚರ್ಚೆ ನಡೆದಿದೆ.

ಮೊದಲಿಗೆ ಸಂಸ್ಕೃತದ ಸ್ಥಿತಿಯನ್ನು ನೋಡಬೇಕು. ‘ದೃಶ್’ ಧಾತುವಿಗೆ ವರ್ತಮಾನದ ರೂಪವಿಲ್ಲ. ‘ದರ್ಶತಿ’ ಎಂದು ಯಾರೂ ಹೇಳರು, ‘ಪಶ್ಯತಿ’ ಎನ್ನಬೇಕು. ಪಾಣಿನಿಯು ಏಳನೆಯ ಅಧ್ಯಾಯದಲ್ಲಿ (7-3-78) ಪಾ, ಘ್ರಾ, ಧ್ಮಾ ಮೊದಲಾದ ಧಾತುಗಳೊಡನೆ ದೃಶ್ ಧಾತುವನ್ನೂ ಸೇರಿಸಿ, ಅದಕ್ಕೆ ‘ಪಶ್ಯ’ ಎಂಬ ಆದೇಶವನ್ನು ವಿಧಿಸಿದ್ದಾನೆ. ಪ್ರಕ್ರಿಯೆಗೆ ಇಷ್ಟು ಸಾಕು. ಚರಿತ್ರೆಯ ದೃಷ್ಟಿಯಿಂದ ಇವು ಎರಡು ಬೇರೆ ಬೇರೆ ಧಾತುಗಳು. ಪಶ್ಯತಿಯ ಮೂಲ ‘ಸ್ಪಶ್’. ವೇದದಲ್ಲಿ ವರುಣನ ಚಾರರನ್ನು ‘ಸ್ಪಶಃ’ ಎಂದಿದೆ, ‘ಸ್ಪಷ್ಟ’ ಎಂಬ ನಮ್ಮ ನಿತ್ಯದ ಮಾತೂ ಅದರದೇ. ಎರಡು ಮನೆಗಳ ಸಂಸಾರವು ಒಂದೇ ಸೂರಿನಡಿ ಬಂದಂತೆ ಸ್ಪಶ್ ಧಾತುವು ವರ್ತಮಾನವನ್ನೂ, ದೃಶ್ ಧಾತುವು ಭೂತ, ಭವಿಷ್ಯ, ಕೃದಂತಗಳನ್ನೂ ಹಂಚಿಕೊಂಡವು. ದೃಶ್ ಧಾತುವಿಗೆ ಝಲಾದಿ ಪ್ರತ್ಯಯಗಳು ಪರವಾದಾಗ ಅಮಾಗಮವಾಗುವುದರಿಂದ (6-1-58) ‘ದ್ರಷ್ಟುಂ’, ‘ದ್ರಕ್ಷ್ಯತಿ’ ಎಂಬ ರೂಪಗಳು ಸಿದ್ಧಿಸುತ್ತವೆ. ಈ ‘ದ್ರಕ್ಷ್ಯತಿ’ಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪ್ರಾಕೃತ ವೈಯಾಕರಣರು ಪಾಣಿನಿಯ ದಾರಿಯನ್ನೇ ಹಿಡಿದರು. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಶಬ್ದಾನುಶಾಸನದ ಎಂಟನೆಯ ಅಧ್ಯಾಯದಲ್ಲಿ ದೃಶ್ ಧಾತುವಿಗೆ ಒಂದೇ ಸೂತ್ರದಲ್ಲಿ ಹದಿನೈದು ಆದೇಶಗಳನ್ನು ಎಣಿಸಿದ್ದಾನೆ: ನಿಅಚ್ಛ, ಪೆಚ್ಛ, ಪುಲೋಅ, ಪುಲಅ, ಪಾಸ ಮೊದಲಾದವುಗಳ ನಡುವೆ ನಮ್ಮ ‘ದೆಕ್ಖ’ವೂ ಕುಳಿತಿದೆ. ಇವುಗಳಲ್ಲಿ ‘ಪಾಸ’ವು ಪಶ್ಯದ ಮಗು, ‘ಪೆಚ್ಛ’ವು ಪ್ರೇಕ್ಷದ್ದು, ‘ಪುಲೋಅ’ವು ಪ್ರಲೋಕವನ್ನು ನೆನಪಿಸುತ್ತದೆ. ಅಂದರೆ ಹೇಮಚಂದ್ರನ ‘ಆದೇಶ’ವೆಂಬುದು ‘ಇದರಿಂದ ಇದು ಹುಟ್ಟಿತು’ ಎಂಬ ಹೇಳಿಕೆಯಲ್ಲ. ‘ಸಂಸ್ಕೃತದಲ್ಲಿ ದೃಶ್ ಎನ್ನುವಲ್ಲಿ ಜನರು ಇವುಗಳನ್ನು ಬಳಸುತ್ತಾರೆ’ ಎಂಬ ಹೇಳಿಕೆ ಮಾತ್ರ. ಪ್ರಯೋಗಶರಣನಾದ ಆ ಆಚಾರ್ಯನ ಮೇಲೆ ಇಲ್ಲದ ಭಾರವನ್ನು ಹೊರಿಸಿ, ‘ದೃಶ್ ಧಾತುವಿನಿಂದ ದೆಕ್ಖ ಬಂದಿದೆ, ಹೇಮಚಂದ್ರನೇ ಹೇಳಿದ್ದಾನೆ’ ಎಂದು ತರಗತಿಗಳಲ್ಲಿ ಹೇಳುವ ರೂಢಿಯುಂಟು. ಹೇಳಿದವರ ಮಾತು ಅರ್ಧ ಸತ್ಯವಾಗಿರಬಹುದು. ಆದರೆ ಅದಕ್ಕೆ ಹೇಮಚಂದ್ರನು ಸಾಕ್ಷಿಯಲ್ಲ.

ಮೂಲವನ್ನು ಹುಡುಕಿದವರಲ್ಲಿ ಪಾಲಿ ನಿಘಂಟುಕಾರನಾದ ಚೈಲ್ಡರ್ಸ್‌ನ ಹೆಸರನ್ನು ಮೊದಲು ಹೇಳಬೇಕು. ಪಾಲಿಯಲ್ಲಿ ‘ದಕ್ಖತಿ’, ‘ದಕ್ಖಿತಿ’ ಎಂಬ ರೂಪಗಳಿವೆ. ಇವು ಹಲವೆಡೆ ‘ನೋಡುವನು’ ಎಂಬ ಭವಿಷ್ಯದರ್ಥದಲ್ಲಿಯೇ ಬರುತ್ತವೆ. ‘ದ್ರಕ್ಷ್ಯತಿ’ಯಲ್ಲಿ ಆದಿಯ ರೇಫವು ಲೋಪವಾಗಿ, ‘ಕ್ಷ್ಯ’ವು ‘ಕ್ಖ’ ಆದರೆ ‘ದಕ್ಖತಿ’ ಎಂದೇ ಆಗುತ್ತದೆ. ಧ್ವನಿನಿಯಮದಲ್ಲಿ ಎಲ್ಲಿಯೂ ತೊಡಕಿಲ್ಲ. ಮುಂದಿನ ಹೆಜ್ಜೆಯೇ ಸ್ವಾರಸ್ಯವಾದುದು. ಪಾಲಿಯಲ್ಲಿ ಭವಿಷ್ಯತ್ತಿನ ಗುರುತು ‘ಇಸ್ಸ’: ಗಮಿಸ್ಸತಿ, ಕರಿಸ್ಸತಿ. ‘ದಕ್ಖತಿ’ಯಲ್ಲಿ ಆ ಗುರುತೇ ಕಾಣದು; ಕ್ಷ್ಯಕಾರದೊಳಗಿದ್ದ ಸ್ಯಪ್ರತ್ಯಯವು ಕ್ಖಕಾರದಲ್ಲಿ ಕರಗಿಹೋಗಿದೆ. ಕೇಳಿದವನ ಕಿವಿಗೆ ಅದು ಗಚ್ಛತಿ, ರಕ್ಖತಿಗಳಂತೆ ಶುದ್ಧ ವರ್ತಮಾನ. ಹೀಗೆ ಭವಿಷ್ಯವು ವರ್ತಮಾನವೆಂದು ಎಣಿಸಲ್ಪಟ್ಟಿತು, ಎಣಿಸಲ್ಪಟ್ಟ ಮೇಲೆ ಅದಕ್ಕೆ ಬೇರೊಂದು ಭವಿಷ್ಯ ಬೇಕಾಯಿತು, ‘ದಕ್ಖಿಸ್ಸತಿ’ ಹುಟ್ಟಿತು. ಒಂದರ ಮೇಲೊಂದು ಎರಡು ಭವಿಷ್ಯಪ್ರತ್ಯಯಗಳನ್ನು ಹೊತ್ತ ಈ ರೂಪವನ್ನು ಕಂಡು ವಿದ್ಯಾರ್ಥಿಗಳು ನಕ್ಕರೆ ತಪ್ಪಿಲ್ಲ. ಆದರೆ ಇದು ಒಂಟಿಯಾದ ಅಪವಾದವಲ್ಲ. ‘ಶಕ್ಷ್ಯತಿ’ಯಿಂದ ‘ಸಕ್ಖತಿ’, ಅದರ ಮೇಲೆ ಮತ್ತೆ ‘ಸಕ್ಖಿಸ್ಸತಿ’ ಎಂಬುದೂ ಪಾಲಿಯಲ್ಲಿದೆ.

ಈ ವಾದಕ್ಕೆ ಮಸ್ಕಿಯ ಪದವು ಎಷ್ಟು ಬಲವಾದ ಆಧಾರವೆಂಬುದು ಈಗ ಸ್ಪಷ್ಟವಾಗುತ್ತದೆ. ‘ದಖಿತವಿಯೇ’ ಎಂಬುದು ಭವಿಷ್ಯವಲ್ಲ, ವರ್ತಮಾನವೂ ಅಲ್ಲ, ಕೃತ್ಯಪ್ರತ್ಯಯಾಂತ. ಕೃತ್ಯಪ್ರತ್ಯಯವು ಹತ್ತಬೇಕಾದರೆ ‘ದಕ್ಖ್’ ಎಂಬುದು ಜನರ ಮನಸ್ಸಿನಲ್ಲಿ ಪೂರ್ಣ ಧಾತುವಾಗಿ ನೆಲೆಗೊಂಡಿರಬೇಕು. ಕ್ರಿ.ಪೂ. ಮೂರನೆಯ ಶತಮಾನದ ನಡುಭಾಗದಷ್ಟು ಹಿಂದೆಯೇ ಆ ಕೆಲಸ ಮುಗಿದುಹೋಗಿತ್ತು. ಬ್ರಾಹ್ಮಿಯಲ್ಲಿ ಅಂದು ದ್ವಿತ್ವವನ್ನು ಬರೆಯುವ ವಾಡಿಕೆಯಿರಲಿಲ್ಲವಾದ್ದರಿಂದ ‘ದಖ್’ ಎಂದು ಕೆತ್ತಿದ್ದನ್ನು ‘ದಕ್ಖ್’ ಎಂದೇ ಓದಿಕೊಳ್ಳಬೇಕು. ಇದನ್ನು ಕೆತ್ತುವವನ ಪ್ರಮಾದವೆಂದು ತಿಳಿದು ‘ದ್ರಷ್ಟವ್ಯ’ಕ್ಕೆ ‘ತಿದ್ದಿ’ ಓದುವವನು ಒಂದು ಚರಿತ್ರೆಯನ್ನೇ ಅಳಿಸಿದಂತಾಗುತ್ತದೆ.

ಇಷ್ಟರಿಂದ ಅಕಾರದ ‘ದಕ್ಖ’ವು ಸಿದ್ಧವಾಯಿತು. ಎಕಾರವು ಎಲ್ಲಿಂದ ಬಂದಿತೆಂಬುದು ಎರಡನೆಯ ಪ್ರಶ್ನೆ. ಅಶೋಕನ ಶಾಸನಗಳಲ್ಲಿಯೇ ಎರಡು ರೂಪಗಳೂ ಇವೆ. ದೆಹಲಿ-ತೋಪ್ರಾ ಸ್ತಂಭದ ಮೂರನೆಯ ಶಾಸನದಲ್ಲಿ ‘ದೇಖತಿ’, ‘ದೇಖಿಯೇ’ ಎಂದಿದೆ. ಕಳಿಂಗದ ಧೌಲಿಯ ಮೊದಲನೆಯ ಪ್ರತ್ಯೇಕ ಶಾಸನದಲ್ಲಂತೂ ಅಧಿಕಾರಿಗಳಿಗೆ ‘ದೇಖತ’ ಎಂದು ಆಜ್ಞಾಪಿಸುವ ಅರಸನು ತನ್ನನ್ನು ಕುರಿತು ‘ದಖಾಮಿ’ ಎನ್ನುತ್ತಾನೆ. ಅರಸನು ಕಾಣುವುದು ಒಂದು ಬಗೆ, ಅಧಿಕಾರಿಗಳು ನೋಡುವುದು ಇನ್ನೊಂದು ಬಗೆ ಎಂದು ಇದರ ಮೇಲೆ ವೇದಾಂತವನ್ನು ಕಟ್ಟಬೇಕಾಗಿಲ್ಲ. ಒಂದೇ ಬಾಯಲ್ಲಿ ಎರಡು ರೂಪಗಳು ಸರಾಗವಾಗಿ ಬರುತ್ತಿದ್ದವು ಎಂಬುದಷ್ಟೇ ನಿಶ್ಚಯ. ಈ ಪ್ರತ್ಯೇಕ ಶಾಸನಗಳು ಕಳಿಂಗಕ್ಕೆ ಮಾತ್ರ ಮೀಸಲೆಂದು ಬಹುಕಾಲ ನಂಬಲಾಗಿತ್ತು. 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆಯೇ ಅವುಗಳ ಭಾಗಗಳು ದೊರೆತು ಆ ನಂಬಿಕೆ ಸಡಿಲವಾಯಿತು.

ಎಕಾರಕ್ಕೆ ಎರಡು ಸಮಾಧಾನಗಳಿವೆ. ಜರ್ಮನಿಯ ಪಿಶೆಲ್ ಪಂಡಿತನು 1900ರಲ್ಲಿ ಪ್ರಕಟವಾದ ತನ್ನ ಪ್ರಾಕೃತ ವ್ಯಾಕರಣದಲ್ಲಿ ‘ದೃಕ್ಷತಿ’ ಎಂಬ ರೂಪವನ್ನು ಕಲ್ಪಿಸುತ್ತಾನೆ. ಸಂಸ್ಕೃತದಲ್ಲಿ ಅದು ಕಾಣದಿದ್ದರೂ ‘ಈದೃಕ್ಷ’, ‘ಸದೃಕ್ಷ’, ‘ದಿದೃಕ್ಷಾ’ ಮೊದಲಾದವುಗಳಲ್ಲಿ ‘ದೃಕ್ಷ್’ ಎಂಬ ಅಂಗವುಂಟಷ್ಟೆ. ಋಕಾರವು ಇಕಾರವಾಗಿ, ಒತ್ತಕ್ಷರದ ಹಿಂದಿನ ಇಕಾರವು ಹ್ರಸ್ವ ಎಕಾರವಾಗುವುದು ಪ್ರಾಕೃತದಲ್ಲಿ ಅಪೂರ್ವವೇನಲ್ಲ. ಹೀಗೆ ದೃಕ್ಷ, ದಿಕ್ಖ, ದೆಕ್ಖ ಎಂದು ಮೆಟ್ಟಿಲಿಳಿಯಬಹುದು. ಎರಡನೆಯ ಸಮಾಧಾನವು ಸಾದೃಶ್ಯದ್ದು. ‘ಪ್ರೇಕ್ಷತೇ’ ಎಂಬುದು ಪಾಲಿಯಲ್ಲಿ ‘ಪೆಕ್ಖತಿ’, ಶೌರಸೇನಿಯಲ್ಲಿ ‘ಪೆಕ್ಖದಿ’ ಆಗುತ್ತದೆ. ಅರ್ಥ ಒಂದೇ, ಪ್ರಾಸವೂ ಒಂದೇ. ಪೆಕ್ಖ, ದಕ್ಖ ಎಂದು ಅಕ್ಕಪಕ್ಕದಲ್ಲಿ ಓಡಾಡುತ್ತಿದ್ದ ಈ ಜೋಡಿಯಲ್ಲಿ ಪೆಕ್ಖದ ಎಕಾರವು ದಕ್ಖಕ್ಕೆ ಅಂಟಿಕೊಂಡು ‘ದೆಕ್ಖ’ವಾಯಿತು ಎಂಬುದು ಈ ಮತ.

ಎರಡರಲ್ಲಿ ಎರಡನೆಯದೇ ಹೆಚ್ಚು ಒಪ್ಪತಕ್ಕದ್ದಾಗಿ ತೋರುತ್ತದೆ. ಪಿಶೆಲನ ದಾರಿಯಲ್ಲಿ ನಡುವಣ ‘ದಿಕ್ಖ’ವು ಹಳೆಯ ಸ್ತರದಲ್ಲಿ ಕಾಣಬೇಕಿತ್ತು, ಅಶೋಕನ ಶಾಸನಗಳಲ್ಲಿ ದೊರೆಯುವುದು ‘ದಖ್’ ಮತ್ತು ‘ದೇಖ್’ ಮಾತ್ರ. ಅಲ್ಲದೆ ‘ದೃಕ್ಷತಿ’ ಎಂಬುದು ಕಲ್ಪಿತ. ‘ದ್ರಕ್ಷ್ಯತಿ’ ಮತ್ತು ‘ಪ್ರೇಕ್ಷತೇ’ ಎರಡೂ ಸಿದ್ಧಪ್ರಯೋಗಗಳು. ಇದ್ದುದರಿಂದಲೇ ಕಾರ್ಯವು ನಡೆಯುತ್ತಿರುವಾಗ ಇಲ್ಲದುದನ್ನು ಊಹಿಸುವುದು ಗೌರವ ದೋಷ. ಹಾಗೆಂದು ಪಿಶೆಲನ ಪಾಂಡಿತ್ಯಕ್ಕೆ ಇದರಿಂದ ಕುಂದಿಲ್ಲ. ಅವನ ವ್ಯಾಕರಣವನ್ನು ಬದಿಗಿಟ್ಟು ಪ್ರಾಕೃತವನ್ನು ಓದುವುದು ಇಂದಿಗೂ ಆಗದ ಮಾತು.

ಇಂತಹ ಒಂದು ಸ್ವರದ ಚರ್ಚೆಯಿಂದ ಆಗುವುದೇನು ಎಂದು ಕೇಳುವವರುಂಟು. ಕಾಳಿದಾಸನ ಶಾಕುಂತಲದ ಪಾಠನಿರ್ಣಯವೇ ಇದರ ಮೇಲೆ ನಿಂತಿತ್ತೆಂಬುದು ಅವರಿಗೆ ಉತ್ತರ. ನಾಟಕದ ಸ್ತ್ರೀಪಾತ್ರಗಳು ನುಡಿಯುವ ಶೌರಸೇನಿಯಲ್ಲಿ ‘ನೋಡು’ ಎಂಬುದಕ್ಕೆ ವಂಗದೇಶದ ಪ್ರತಿಗಳು ‘ಪೆಕ್ಖ’ ಎಂದರೆ, ದೇವನಾಗರಿ ಮತ್ತು ದಕ್ಷಿಣದೇಶದ ಪ್ರತಿಗಳು ಬಹುಮಟ್ಟಿಗೆ ‘ದೆಕ್ಖ’ ಎನ್ನುತ್ತವೆ. ವರರುಚಿಯು ಶೌರಸೇನೀ ಪ್ರಕರಣದಲ್ಲಿ ದೃಶ್ ಧಾತುವಿಗೆ ‘ಪೆಕ್ಖ’ವನ್ನೇ ವಿಧಿಸಿರುವನು. ಇದನ್ನು ಹಿಡಿದು ಪಿಶೆಲನು ವಂಗಪಾಠವೇ ಪ್ರಾಮಾಣಿಕವೆಂದು ಸಾಧಿಸಿ 1877ರಲ್ಲಿ ಅದನ್ನೇ ಸಂಪಾದಿಸಿದನು. ವೇಬರ್ ಪಂಡಿತನು ಅದಕ್ಕೆ ಪ್ರತಿಯಾಗಿ ವಾದಿಸಿದನು. ದಕ್ಷಿಣದ ಲಿಪಿಕಾರರು ತಮ್ಮ ಕಾಲದ ಆಡುನುಡಿಯ ‘ದೆಕ್ಖ’ವನ್ನು ಪ್ರತಿಗೆ ಸೇರಿಸಿದರೆಂದು ಹೇಳಲು ಒಂದು ಅಡ್ಡಿಯಿದೆ. ಕನ್ನಡ, ತೆಲುಗು, ತಮಿಳು, ಮಲೆಯಾಳಗಳನ್ನಾಡುವ ಲಿಪಿಕಾರನ ಮನೆಯ ಮಾತಿನಲ್ಲಿ ‘ದೆಕ್ಖ’ವೂ ಇರಲಿಲ್ಲ, ‘ಪೆಕ್ಖ’ವೂ ಇರಲಿಲ್ಲ. ಅವನು ಕಂಡಂತೆ ಬರೆದನೆಂದೇ ಭಾವಿಸುವುದು ಯುಕ್ತ. ಹಾಗಾದರೆ ಅವನ ಮುಂದಿದ್ದ ಮಾತೃಕೆಯಲ್ಲಿಯೇ ‘ದೆಕ್ಖ’ವಿತ್ತೆನ್ನಬೇಕು. ಅದು ಕವಿಯದೋ, ನಡುವೆ ಬಂದ ಯಾವನೋ ಉತ್ತರದೇಶೀಯನದೋ ಎಂಬುದನ್ನು ಒಂದೇ ಧಾತುವಿನ ಬಲದಿಂದ ತೀರ್ಮಾನಿಸಲಾಗದು. ಪಿಶೆಲನು ವೈಯಾಕರಣರ ವಿಧಿಯನ್ನು ನೆಚ್ಚಿದಷ್ಟು ಪ್ರತಿಗಳ ಸಾಕ್ಷ್ಯವನ್ನು ನೆಚ್ಚಲಿಲ್ಲ.

ಇನ್ನು ಅರ್ಥದ ವಿಚಾರ. ದೃಶ್, ಸ್ಪಶ್, ಈಕ್ಷ್ ಎಂಬ ಮೂರೂ ‘ನೋಡು’ ಎಂಬ ಒಂದೇ ಅರ್ಥದವೆಂದು ಕೋಶಗಳು ಹೇಳಿದರೂ ಹಳೆಯ ಪ್ರಯೋಗಗಳಲ್ಲಿ ಛಾಯಾಭೇದವುಂಟು. ಸ್ಪಶ್ ಎಂಬುದು ಎಚ್ಚರದಿಂದ ಗಮನಿಸುವುದು, ಕಾವಲುಗಣ್ಣಿನ ನೋಟ. ದೃಶ್ ಎಂಬುದು ವಸ್ತುವು ಕಣ್ಣಿಗೆ ಬಿದ್ದು ತಿಳಿವಾಗುವ ಕ್ಷಣ. ಈಕ್ಷ್ ಎಂಬುದು ಬೇಕೆಂದು ಕಣ್ಣನ್ನು ಹಾಯಿಸುವುದು. ‘ಅಕ್ಷಿ’ ಎಂಬ ಪದದ ಮೂಲದಲ್ಲಿರುವ ಧಾತುವಿನ ಇಚ್ಛಾರ್ಥಕ ರೂಪವೇ ಇದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ‘ಪ್ರೇಕ್ಷಕ’ನು ಬೇಕೆಂದೇ ಕುಳಿತು ನೋಡುವವನಷ್ಟೆ.

ಈ ಭೇದವನ್ನು ತಿಳಿಯಲು ಕನ್ನಡಿಗನು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂದು ನಮ್ಮ ಹಳ್ಳಿಯ ಮುದುಕಿ ಹೇಳುವಾಗ ‘ನೋಡು’ ಎಂಬುದು ಈಕ್ಷ್, ‘ಕಾಣು’ ಎಂಬುದು ದೃಶ್. ‘ದೆಕ್ಖ’ವು ದೃಶ್ ವಂಶದಲ್ಲಿ ಹುಟ್ಟಿ, ಪ್ರೇಕ್ಷದಿಂದ ಸ್ವರವನ್ನು ಪಡೆದು, ಎರಡರ ಅರ್ಥವನ್ನೂ ತಾನೇ ಹೊತ್ತುಕೊಂಡಿತು. ಅದಕ್ಕಾಗಿಯೇ ಇರಬೇಕು, ಹಿಂದಿಯಲ್ಲಿ ‘ದೇಖನಾ’ ಎಂದರೆ ನೋಡುವುದೂ ಹೌದು, ಕಾಣುವುದೂ ಹೌದು. ತಾನಾಗಿ ಕಾಣಿಸುವುದಕ್ಕೆ ‘ದಿಖನಾ’ ಎಂಬ ಬೇರೊಂದು ಪದವನ್ನು ಅದು ಇಟ್ಟುಕೊಳ್ಳಬೇಕಾಯಿತು.

ಮಸ್ಕಿಯ ಮಾತಿಗೆ ಮರಳಿದರೆ, ‘ದಖಿತವಿಯೇ’ ಎಂಬುದಕ್ಕೆ ಕನ್ನಡದ ‘ಕಾಣು’ವಿನಷ್ಟು ಸರಿಯಾದ ಪರ್ಯಾಯವು ಬೇರೆ ಭಾಷೆಯಲ್ಲಿ ಸುಲಭವಾಗಿ ಸಿಗದು. ‘ಕೀಳಾಗಿ ಕಾಣು’, ‘ಹಗುರವಾಗಿ ಕಾಣು’ ಎನ್ನುವಲ್ಲಿ ಕಣ್ಣಿನ ವ್ಯಾಪಾರವಿಲ್ಲ, ಮನಸ್ಸಿನ ನಿರ್ಣಯವಿದೆ. ಮಸ್ಕಿಯದೂ ಅಂಥದೇ ನಿರ್ಣಯ: ದೊಡ್ಡವನಿಗೇ ಇದು ಎಂದು ಕಾಣಬೇಡಿ. ಸ್ತಂಭಶಾಸನದ ‘ದೇಖತಿ’ಯೂ ಒಳಗಣ್ಣಿನ ಮಾತೇ. ಮನುಷ್ಯನು ತಾನು ಮಾಡಿದ ಒಳ್ಳೆಯದನ್ನು ಕಾಣುತ್ತಾನೆ, ಕೆಟ್ಟದ್ದನ್ನು ಕಾಣನು ಎಂದು ಅಲ್ಲಿ ಆಶಯ. ಒಡನೆಯೇ ಇಂತಹ ಆತ್ಮಪರೀಕ್ಷೆಯು ಕಷ್ಟಸಾಧ್ಯವೆನ್ನಲು ‘ದುಪಟಿವೇಖೇ’ ಎಂಬ ಪದವು ಬರುತ್ತದೆ. ಅದು ಪ್ರತ್ಯವೇಕ್ಷೆ, ಅಂದರೆ ಈಕ್ಷ್ ಧಾತುವಿನದು. ಸಹಜವಾಗಿ ಕಾಣುವುದಕ್ಕೆ ‘ದೇಖ್’, ಪ್ರಯತ್ನಪಟ್ಟು ನೋಡಿಕೊಳ್ಳುವುದಕ್ಕೆ ‘ಈಕ್ಷ್’. ಇದನ್ನು ಬರೆಯಿಸಿದವನು ಪದಗಳ ತೂಕವನ್ನು ಬಲ್ಲವನಾಗಿದ್ದನು.

ಜೈನಾಗಮಗಳಲ್ಲಿ ಮಾತ್ರ ಪಾರಮಾರ್ಥಿಕವಾದ ಕಾಣ್ಕೆಗೆ ‘ಪಾಸಇ’, ‘ಪಸ್ಸದಿ’ ಎಂಬ ಹಳೆಯ ಪಶ್ಯಮೂಲದ ರೂಪಗಳೇ ನಿಂತವು. ‘ಜಾಣಇ ಪಾಸಇ’, ಅರಿಯುತ್ತಾನೆ ಕಾಣುತ್ತಾನೆ, ಎಂಬ ಜೋಡಿಯು ಜ್ಞಾನದರ್ಶನಗಳಿಗೆ ಸಂಕೇತವಾಯಿತು. ಕುಂದಕುಂದಾಚಾರ್ಯರ ಗ್ರಂಥಗಳನ್ನು ಓದಿದವರಿಗೆ ಇದು ಪರಿಚಿತ. ಶಾಸ್ತ್ರವು ಹಳೆಯ ಪದವನ್ನು ಕಾಪಾಡಿತು, ಸಂತೆಯು ಹೊಸದನ್ನು ಬೆಳೆಸಿತು. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ಒಂದೊಂದು ಶಬ್ದಕ್ಕೆ ಅನೇಕ ಅಪಭ್ರಂಶಗಳುಂಟೆಂದು ಹೇಳಿ, ‘ಗೋ’ ಶಬ್ದಕ್ಕೆ ಗಾವೀ, ಗೋಣೀ ಮೊದಲಾದವುಗಳನ್ನು ಉದಾಹರಿಸುತ್ತಾನೆ. ಆ ಲೆಕ್ಕದಲ್ಲಿ ‘ದೆಕ್ಖ’ವೂ ಕೆಟ್ಟುಹೋದ ಮಾತೇ. ಸಾಂಪ್ರದಾಯಿಕ ಪಂಡಿತರಿಗೆ ಈ ತೀರ್ಪನ್ನು ಮೀರುವುದು ಸುಲಭವಲ್ಲ. ಆದರೂ ಭವಿಷ್ಯವನ್ನು ವರ್ತಮಾನವೆಂದು ತಿಳಿದ ‘ತಪ್ಪಿ’ನಲ್ಲಿಯೂ ಒಂದು ಕ್ರಮವಿದೆ, ಪ್ರಾಸದ ಸ್ನೇಹಿತನಿಂದ ಸ್ವರವನ್ನು ಕಡ ಪಡೆದುದರಲ್ಲಿಯೂ ಒಂದು ಕ್ರಮವಿದೆ ಎಂಬುದನ್ನು ನೋಡಿದ ಮೇಲೆ, ‘ಭ್ರಂಶ’ವೆಂಬ ಪದವನ್ನು ಸ್ವಲ್ಪ ಮೆಲ್ಲಗೆ ಉಚ್ಚರಿಸಬೇಕಾಗುತ್ತದೆ.

ಈ ಧಾತುವಿನ ಸಂತತಿ ದೊಡ್ಡದು. ಹಿಂದಿ, ಬಂಗಾಳಿ, ಒಡಿಯಾ, ನೇಪಾಳಿಗಳಲ್ಲಿ ಅದೇ ಮುಖ್ಯ ಕ್ರಿಯಾಪದ. ಮರಾಠಿಯಲ್ಲಿ ‘ಪಾಹಣೆ’ ಎಂಬುದು ಮುಂದಾಗಿ ‘ದೇಖಣೆ’ ಹಿಂದೆ ಸರಿದಿದೆ. ಪಂಜಾಬಿಯಲ್ಲಿ ಈಕ್ಷ್ ಕವಲಿನ ‘ವೇಖಣಾ’ವು ಎದುರು ನಿಂತಿದೆ. ಸಿಂಹಳದ ‘ದಕಿನವಾ’ದಲ್ಲಿ ಎಕಾರವಿಲ್ಲ, ಮಸ್ಕಿಯ ಅಕಾರವೇ ಅಲ್ಲಿ ಉಳಿದಿದೆ. ಭಾರತವನ್ನು ಬಿಟ್ಟು ಯುರೋಪಿನ ತನಕ ಅಲೆದ ರೋಮಾ ಜನರು ಇಂದಿಗೂ ‘ದಿಖ್’ ಎನ್ನುತ್ತಾರೆ. ಅವರ ಇಕಾರವನ್ನು ಕಂಡು ಪಿಶೆಲನ ‘ದಿಕ್ಖ’ವು ಕೊನೆಗೂ ದೊರೆಯಿತೆಂದು ಹೇಳುವ ಆಸೆಯಾಗಬಹುದು, ಆದರೆ ಎಕಾರವೇ ದಾರಿಯಲ್ಲಿ ಇಕಾರವಾಗಿರಲೂಬಹುದಾದ್ದರಿಂದ ಈ ಸಾಕ್ಷಿಯು ಎರಡು ಕಡೆಗೂ ಸಲ್ಲುತ್ತದೆ.

ಕನ್ನಡವು ಈ ಕ್ರಿಯಾಪದವನ್ನು ಕ್ರಿಯಾಪದವಾಗಿ ಸ್ವೀಕರಿಸಲಿಲ್ಲ. ಕಾಣು, ನೋಡು ಎಂಬ ಎರಡು ಅಚ್ಚಗನ್ನಡ ಧಾತುಗಳಿರುವಾಗ ಅದರ ಅಗತ್ಯವೂ ಬೀಳಲಿಲ್ಲ. ಸಂಸ್ಕೃತದಿಂದ ಬೇಕಾದಾಗ ‘ಇಸು’ ಹಚ್ಚಿ ದರ್ಶಿಸು, ಈಕ್ಷಿಸು, ವೀಕ್ಷಿಸು ಎಂದುಕೊಂಡಿತು. ನಮ್ಮ ‘ಕಾಣ್’ ಧಾತುವು ಶರಣರ ವಚನಗಳ ಕೊನೆಯಲ್ಲಿ ಅಂಕಿತದ ಪಕ್ಕದಲ್ಲಿ ನಿಲ್ಲುವ ‘ಕಾಣಾ’ ಎಂಬ ಅವ್ಯಯವಾಗಿ ಬೆಳೆದುದು ಬೇರೆಯೇ ಒಂದು ಲೇಖನಕ್ಕೆ ವಸ್ತು. ‘ದೆಕ್ಖ’ವು ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ, ನಾಮಪದದ ವೇಷದಲ್ಲಿ, ಮರಾಠಿ ಹಿಂದಿಗಳ ಬಾಗಿಲಿನಿಂದ. ‘ದೇಖಾವೆ’ಯೂ, ಧಾರವಾಡ ಸೀಮೆಯ ‘ದೇಖರೇಖಿ’ಯೂ ಅಂಥವು. ಮಸ್ಕಿಯ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬಂದು ಕುಳಿತಿದ್ದ ಪದವು ಊರೊಳಗೆ ಕಾಲಿಟ್ಟದ್ದು ಹೀಗೆ.

ಇವೆಲ್ಲ ಭಾಷೆಗಳ ರೂಪಗಳನ್ನು ಒಂದೆಡೆ ಕಲೆಹಾಕಿದವರು ಇಂಗ್ಲೆಂಡಿನ ಆರ್. ಎಲ್. ಟರ್ನರ್. 1931ರಲ್ಲಿ ಅವರ ನೇಪಾಳಿ ನಿಘಂಟು ಹೊರಬಂದಿತು. 1966ರಲ್ಲಿ ಇಂಡೋ-ಆರ್ಯ ಭಾಷೆಗಳ ತೌಲನಿಕ ಕೋಶವು ಪೂರ್ಣವಾಯಿತು. ಈ ಎರಡರ ನಡುವೆ, 1932ರಲ್ಲಿ, ಅದೇ ಹೈದರಾಬಾದು ಮಾಲೆಯ ಹತ್ತನೆಯ ಸಂಚಿಕೆಯಾಗಿ ಅವರು ಸಂಪಾದಿಸಿಕೊಟ್ಟ ಪುಸ್ತಕವೊಂದಿದೆ. ಅದರ ವಿಷಯ ಕೊಪ್ಪಳದ ಎರಡು ಅಶೋಕಶಾಸನಗಳು: ಒಂದು ಪಾಲ್ಕಿಗುಂಡಿನದು, ಇನ್ನೊಂದು ಗವಿಮಠದ ಬೆಟ್ಟದ್ದು. ಗವಿಮಠದ ಬಂಡೆಯಲ್ಲಿ ‘ದಖಿತವಿಯೇ’ ಇಲ್ಲ. ಅಲ್ಪನೂ ಪಡೆಯಬಲ್ಲನೆಂಬ ಅದೇ ತಾತ್ಪರ್ಯವನ್ನು ಅಲ್ಲಿಯ ಪಾಠವು ‘ಕಾಣು’ ಎಂಬ ಕ್ರಿಯಾಪದವಿಲ್ಲದೆಯೇ ಹೇಳುತ್ತದೆ.